ಜೆಪೈಪ್: ಪೈಥಾನ್‌ನಲ್ಲಿ ಜಾವಾ ಲೈಬ್ರರಿ ಬಳಸುವವರಿಗೆ

ಪಿಡಿಎಫ್‌ನಿಂದ ಪಠ್ಯ ತೆಗೆಯಲು ಅಪಾಚೆ ಪಿಡಿಎಫ್‌ಬಾಕ್ಸ್ ಅನ್ನುವ ಜಾವಾ ಲೈಬ್ರರಿಯೇ ಬೇಕು, ಉಳಿದ ಕೋಡೆಲ್ಲ ಪೈಥಾನ್‌ನಲ್ಲಿದೆ ಅನ್ನುವವರಿಗೆ ಜೆಪೈಪ್ ಹೇಳಿ ಮಾಡಿಸಿದ್ದು. ಇದು ಪೈಥಾನ್ ಪ್ರೋಸೆಸ್‌ನೊಳಗೇ ಅಸಲಿ ಜೆವಿಎಂ (ಜಾವಾ ಕೋಡ್ ಓಡಿಸುವ ವ್ಯವಸ್ಥೆ) ಶುರು ಮಾಡಿ, ಜೆಎನ್‌ಐ (ಜಾವಾ ಮತ್ತು ಬೇರೆ ಭಾಷೆಯ ಕೋಡ್ ನಡುವಿನ ಸೇತುವೆ) ಮೂಲಕ ಅದರ ಜೊತೆ ವ್ಯವಹರಿಸುತ್ತದೆ. ಅನುಕೂಲ, ತಲೆನೋವು ಎರಡೂ ಹುಟ್ಟುವುದು ಅಲ್ಲೇ.

ಪಿಪ್‌ನಲ್ಲಿ ಪ್ಯಾಕೇಜ್ ಹೆಸರು ಜೆಪೈಪ್1. ಪೈಥಾನ್ 64 ಬಿಟ್ ಆಗಿದ್ದರೆ ಜಾವಾ ಕೂಡ 64 ಬಿಟ್ ಇರಲೇಬೇಕು. ಪಿಡಿಎಫ್‌ಬಾಕ್ಸ್‌ನ 'ಆ್ಯಪ್' ಜಾರ್ (ಜಾವಾ ಕೋಡ್ ತುಂಬಿದ ಕಡತ) ತೆಗೆದುಕೊಂಡರೆ ಅವಲಂಬನೆಗಳೆಲ್ಲ ಅದರಲ್ಲೇ ಇರುತ್ತವೆ. ಸ್ಟಾರ್ಟ್‌ಜೆವಿಎಂ ಕರೆಯುವಾಗಲೇ ಕ್ಲಾಸ್‌ಪಾತ್ (ಜಾರ್ ಎಲ್ಲಿದೆ ಅನ್ನುವ ದಾರಿ) ಕೊಡಿ, ಹೀಪ್ (ಜಾವಾ ಆಬ್ಜೆಕ್ಟ್‌ಗಳಿರುವ ಮೆಮೊರಿ) ಮಿತಿಯನ್ನೂ ಕೊಡಿ. ಮಿತಿ ಕೊಡದಿದ್ದರೆ ಜಾವಾ ಸಾಮಾನ್ಯವಾಗಿ ಯಂತ್ರದ ರ‍್ಯಾಮ್‌ನ ಕಾಲು ಭಾಗದವರೆಗೂ ಬೆಳೆಯುತ್ತದೆ. ನೋಡಿದವರು ಪೈಥಾನ್‌ನಲ್ಲಿ ಮೆಮೊರಿ ಲೀಕ್ ಹುಡುಕುತ್ತಾ ಕೂರುತ್ತಾರೆ. ಹಳೆಯ ಉದಾಹರಣೆಗಳಲ್ಲಿರುವ ಪಿಡಿಡಾಕ್ಯುಮೆಂಟ್‌ನ 'ಲೋಡ್' ಪಿಡಿಎಫ್‌ಬಾಕ್ಸ್ 3.0ರಲ್ಲಿ ಇಲ್ಲ, 'ಲೋಡರ್' ಕ್ಲಾಸ್‌ನ 'ಲೋಡ್‌ಪಿಡಿಎಫ್' ಬಳಸಬೇಕು. ಕಡತವನ್ನು 'ವಿತ್' ಬ್ಲಾಕ್‌ನಲ್ಲಿ ತೆರೆದರೆ ಮುಚ್ಚುವ ಚಿಂತೆಯಿಲ್ಲ.

ಹೆಚ್ಚು ಜನ ಎಡವುವುದು ಸ್ಟ್ರಿಂಗ್‌ನಲ್ಲಿ. ಜಾವಾದಿಂದ ಬಂದ ಪಠ್ಯ ಪ್ರಿಂಟ್ ಮಾಡಿದರೆ ಸರಿಯಾಗೇ ಕಾಣುತ್ತದೆ, ಆದರೆ ಅದು ಪೈಥಾನ್ ಸ್ಟ್ರಿಂಗ್ ಅಲ್ಲ. ಜೇಸನ್‌ಗೆ ಹಾಕಿದ ಕೂಡಲೇ ಟೈಪ್‌ಎರರ್. ಪಠ್ಯ ಕೈಗೆ ಬಂದ ಜಾಗದಲ್ಲೇ 'ಎಸ್‌ಟಿಆರ್' ಸುತ್ತಿಬಿಡಿ.

ಇದಕ್ಕಿಂತ ಕೆಟ್ಟದ್ದು ಫೋರ್ಕ್, ಅಂದರೆ ಓಡುತ್ತಿರುವ ಪ್ರೋಸೆಸ್‌ನ ನಕಲು ಹುಟ್ಟಿಸುವುದು. ಮುಖ್ಯ ಪ್ರೋಸೆಸ್‌ನಲ್ಲಿ ಜೆವಿಎಂ ಶುರುವಾದ ಮೇಲೆ ಫೋರ್ಕ್ ಮಾಡಿದರೆ, ಮಗು ಪ್ರೋಸೆಸ್‌ಗೆ ಜೆವಿಎಂನ ಮೆಮೊರಿ ಬರುತ್ತದೆ, ಅದರ ಥ್ರೆಡ್‌ಗಳು ಬರುವುದಿಲ್ಲ. ಎರರ್ ಕೂಡ ಇಲ್ಲದೆ ಸುಮ್ಮನೆ ನೇತಾಡುತ್ತದೆ. ಮಲ್ಟಿಪ್ರೋಸೆಸಿಂಗ್‌ನಲ್ಲಿ ನಕಲು ಮಾಡದೆ ಹೊಸ ಪ್ರೋಸೆಸ್ ಶುರು ಮಾಡುವ 'ಸ್ಪಾನ್' ಆರಿಸಿ. ಗುನಿಕಾರ್ನ್ (ಪೈಥಾನ್ ವೆಬ್ ಸರ್ವರ್) ಆದರೆ ಫೋರ್ಕ್ ಆದ ಮೇಲೆ ಓಡುವ 'ಪೋಸ್ಟ್ ಫೋರ್ಕ್' ಹುಕ್‌ನಲ್ಲಿ ಜೆವಿಎಂ ಶುರು ಮಾಡಿ. ಒಮ್ಮೆ ನಿಲ್ಲಿಸಿದ ಜೆವಿಎಂ ಅದೇ ಪ್ರೋಸೆಸ್‌ನಲ್ಲಿ ಮತ್ತೆ ಏಳುವುದಿಲ್ಲ, ಹಾಗಾಗಿ ಟೆಸ್ಟ್‌ಗಳಲ್ಲಿ ಪ್ರತಿ ಸಲ ಶುರುಮಾಡಿ ನಿಲ್ಲಿಸುವ ಆಟ ನಡೆಯದು.

'ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್' ಎರರ್ ಬಂದರೆ ಅದರಲ್ಲಿರುವ ಸಂಖ್ಯೆ ನೋಡಿ: 52 ಅಂದರೆ ಜಾವಾ 8, 55 ಅಂದರೆ 11, 61 ಅಂದರೆ 17. ಜಾರ್‌ನ ಸಂಖ್ಯೆ ನಿಮ್ಮ ಜೆವಿಎಂನದಕ್ಕಿಂತ ದೊಡ್ಡದಿದ್ದರೆ ಜಾವಾ ಅಪ್‌ಗ್ರೇಡ್ ಮಾಡದೆ ದಾರಿಯಿಲ್ಲ.

ವೇಗದ ಬಗ್ಗೆ ದೂರಿಲ್ಲ, ಒಂದೊಂದು ಅಕ್ಷರಕ್ಕೂ ಜಾವಾ ಮೆಥಡ್ ಕರೆಯುವ ಲೂಪ್ ಬರೆಯದಿದ್ದರೆ. ಪ್ರತಿ ಕರೆಯೂ ಜೆಎನ್‌ಐ ದಾಟಬೇಕು. ಇಡೀ ಪುಟವನ್ನು ಒಂದೇ ಸಲ ತರಿಸಿಕೊಂಡು ಪೈಥಾನ್‌ನಲ್ಲಿ ಸೀಳಿ.

ಜಾವಾ ಕಡೆ ಕ್ರ್ಯಾಶ್ ಆದರೂ ಪೈಥಾನ್ ಬದುಕಿರಲೇಬೇಕು ಅನ್ನುವ ಸರ್ವರ್‌ಗಳಿಗೆ ಇದು ಬೇಡ. ಅಲ್ಲಿಗೆ ಇದೇ ಕೆಲಸದ ಇನ್ನೊಂದು ಲೈಬ್ರರಿ ಪೈ4ಜೆ ವಾಸಿ: ಜೆವಿಎಂ ಬೇರೆ ಪ್ರೋಸೆಸ್‌ನಲ್ಲಿರುತ್ತದೆ, ಮಾತುಕತೆ ಸಾಕೆಟ್ ಮೇಲೆ, ಡೀಫಾಲ್ಟ್ ಪೋರ್ಟ್ 25333. ಕರೆಗಳು ನಿಧಾನವಾಗುತ್ತವೆ, ಅಷ್ಟೇ.