ಒಮ್ಮೆ ಆನ್, ಒಮ್ಮೆ ಗಪ್‌ಚುಪ್: ಸಿಪಿಯು ಪರೀಕ್ಷೆಗಳಲ್ಲಿ ಯಾವುದು ಕೆಲಸಕ್ಕೆ ಬಂತು?

ಬಳ್ಳಾರಿಯ ಕೌಲ್ ಬಜಾರ್ ಕಡೆ ನಮ್ಮ ಭಾವನ ಜೀನ್ಸ್ ಹೊಲಿಗೆ ಘಟಕ ಇದೆ. ಅಲ್ಲಿನ ಬಿಲ್ಲಿಂಗ್ ಕಂಪ್ಯೂಟರ್ ಚಳಿಗಾಲದ ಬೆಳಿಗ್ಗೆಗಳಲ್ಲಿ ಮುಷ್ಕರ ಹೂಡುತ್ತಿತ್ತು. ಬಟನ್ ಒತ್ತಿದರೆ ಫ್ಯಾನೂ ಇಲ್ಲ, ಲೈಟೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು ಒತ್ತಿದರೆ ಏನೂ ಆಗೇ ಇಲ್ಲ ಅನ್ನುವಂತೆ ಶುರುವಾಗುತ್ತಿತ್ತು. ಪ್ಲಗ್, ಸ್ಪೈಕ್ ಬೋರ್ಡ್, ಪವರ್ ಕೇಬಲ್ ಬದಲಿಸಿ ನೋಡಿದ್ದಾಗಿತ್ತು. ಆಮೇಲೆ ರೋಗ ಹುಡುಕುವ ದಾರಿಗಳನ್ನು ಒಂದೊಂದಾಗಿ ಪ್ರಯತ್ನಿಸಿದೆ.

ಮೊದಲನೆಯದು, ಎಲ್ಲರೂ ಹೇಳುವ ವೈರ್ ತುಂಡಿನ ಪರೀಕ್ಷೆ. ಎಸ್‌ಎಂಪಿಎಸ್ (ಕಂಪ್ಯೂಟರಿನ ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ ಡಬ್ಬಿ) ಹೊರಗೆ ತೆಗೆದು, ಅದರಿಂದ ಮದರ್‌ಬೋರ್ಡಿಗೆ ಹೋಗುವ 24 ಪಿನ್ ಕನೆಕ್ಟರಿನಲ್ಲಿ 'ಆನ್ ಆಗು' ಅನ್ನುವ ಸೂಚನೆಯ ಹಸಿರು ವೈರನ್ನು ಯಾವುದಾದರೂ ಕಪ್ಪು ವೈರಿಗೆ ಸೇರಿಸುವುದು. ಫ್ಯಾನ್ ತಿರುಗಿತು. ಖರ್ಚು ಸೊನ್ನೆ, ಸಿಕ್ಕ ಮಾಹಿತಿಯೂ ಹೆಚ್ಚುಕಮ್ಮಿ ಅಷ್ಟೇ. ಪೂರ್ತಿ ಸತ್ತ ಎಸ್‌ಎಂಪಿಎಸ್ ಇದರಲ್ಲಿ ಸಿಕ್ಕಿಬೀಳುತ್ತದೆ. ಅರೆಜೀವ ಇರುವುದು ಪಾಸಾಗಿಬಿಡುತ್ತದೆ, ಯಾಕೆಂದರೆ ಫ್ಯಾನ್ ಬಿಟ್ಟರೆ ಬೇರೆ ಹೊರೆಯೇ ಇಲ್ಲ.

ಎರಡನೆಯದು, ಆನ್‌ಲೈನಿನಲ್ಲಿ ಸಿಗುವ, ಪರದೆ ಇರುವ ಎಸ್‌ಎಂಪಿಎಸ್ ಟೆಸ್ಟರ್. ಗೆಳೆಯರೊಬ್ಬರದ್ದು ತಂದೆ. 12, 5, 3.3 ವೋಲ್ಟ್ ಎಲ್ಲ ಚಂದ ತೋರಿಸಿತು, ಒಂದೂ ಬೀಪ್ ಇಲ್ಲ. ನೋಡಲು ಖುಷಿ. ಆದರೆ ಇದೂ ಹಾಕುವ ಹೊರೆ ತೀರಾ ಕಡಿಮೆ. ಅದೂ ಅಲ್ಲದೆ, ಎಸ್‌ಎಂಪಿಎಸ್ ಬಿಚ್ಚಿ ಜೋಡಿಸುವ ಹೊತ್ತಿಗೆ ಆನ್ ಆಗದ ಆ ಗಳಿಗೆ ದಾಟಿಹೋಗಿರುತ್ತದೆ. ದಿನಾ ಹತ್ತಾರು ಕಂಪ್ಯೂಟರ್ ನೋಡುವವರಿಗೆ ಸರಿ, ಮನೆಯವರಿಗೆ ಬೇಡ.

ಅಂಗಡಿಗೆ ಒಯ್ದದ್ದೂ ಆಯ್ತು. ಹುಡುಗ ಬಟನ್ ಒತ್ತಿದ, ಆನ್ ಆಯಿತು. ಮತ್ತೆ ಒತ್ತಿದ, ಮತ್ತೆ ಆನ್. "ಅಣ್ಣಾ, ಇಲ್ಲಿ ಸರಿಯಾಗೇ ಆನ್ ಆಗ್ತೈತಲ್ಲ?" ಅಂದ. ಅವನ ತಪ್ಪಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಬೈಕಿನ ಮೇಲೆ ಸಿಪಿಯು ಹೊತ್ತು ಹೋಗಿದ್ದೆವು. ಬಳ್ಳಾರಿ ಬಿಸಿಲು ಗೊತ್ತಲ್ಲ, ಡಿಸೆಂಬರಿನಲ್ಲೂ ಸುಡುತ್ತದೆ. ಎಸ್‌ಎಂಪಿಎಸ್ ಒಳಗಿನ ಸೊರಗಿದ ಕೆಪಾಸಿಟರ್ (ಕರೆಂಟನ್ನು ಹಿಡಿದಿಟ್ಟು ಸಮ ಮಾಡುವ ಬಿಡಿಭಾಗ) ಬಿಸಿಯಾದಾಗ ಸ್ವಲ್ಪ ಚೇತರಿಸಿಕೊಳ್ಳುತ್ತದೆ, ತಣ್ಣಗಿದ್ದಾಗ ಕೈಕೊಡುತ್ತದೆ. ರಾತ್ರಿ ಗೋಡೆಯ ಸ್ವಿಚ್ ಆಫ್ ಮಾಡಿದ ಮರುದಿನ ಮಾತ್ರ ತೊಂದರೆ ಬರುತ್ತಿದ್ದದ್ದೂ ಇದಕ್ಕೇ ಇರಬೇಕು ಅನ್ನಿಸಿತು.

ಕೊನೆಗೆ ಗೆದ್ದದ್ದು 200-300 ರೂಪಾಯಿಯ ಸಾದಾ ಮಲ್ಟಿಮೀಟರ್, ಅಂದರೆ ವೋಲ್ಟ್ ಅಳೆಯುವ ಮೀಟರ್. ಇದರ ದೊಡ್ಡ ಲಾಭ ಅಂದರೆ ಏನನ್ನೂ ಬಿಚ್ಚಬೇಕಿಲ್ಲ. ಕನೆಕ್ಟರ್ ಮದರ್‌ಬೋರ್ಡಿನಲ್ಲೇ ಇರಲಿ. ಡಿಸಿ 20 ವೋಲ್ಟಿಗೆ ತಿರುಗಿಸಿ, ಕಪ್ಪು ಕಡ್ಡಿಯನ್ನು ಕಪ್ಪು ವೈರಿನ ಹಿಂಬದಿಗೆ, ಕೆಂಪು ಕಡ್ಡಿಯನ್ನು ನೇರಳೆ ವೈರಿನ ಹಿಂಬದಿಗೆ ತೂರಿಸಬೇಕು. ವೈರೆಲ್ಲ ಕಪ್ಪಗಿದ್ದರೆ ನೇರಳೆಯ ಜಾಗ 9ನೇ ಪಿನ್, ಹಸಿರಿನದು 16. ಪಕ್ಕದ ಪಿನ್ನಿಗೆ ಕಡ್ಡಿ ತಾಗದಂತೆ ನೋಡಿಕೊಳ್ಳಿ.

ಈ ನೇರಳೆ ವೈರಿನಲ್ಲಿ, ಕಂಪ್ಯೂಟರ್ ಆಫ್ ಇದ್ದರೂ ಗೋಡೆಯ ಸ್ವಿಚ್ ಆನ್ ಇದ್ದರೆ ಸಾಕು, 5 ವೋಲ್ಟ್ ಬರುತ್ತಿರಬೇಕು. 4.75ರಿಂದ 5.25ರವರೆಗೆ ಚಿಂತೆ ಇಲ್ಲ. ಬಟನ್ ಒತ್ತಿದ್ದು ಮದರ್‌ಬೋರ್ಡಿಗೆ ಗೊತ್ತಾಗುವುದೇ ಈ ಕರೆಂಟಿನಿಂದ. ಅದು ಸರಿಯಿದ್ದರೆ ಹಸಿರು ವೈರ್ ನೋಡಿ. ಬಟನ್ ಒತ್ತಿದ ಕೂಡಲೇ ಅದು ಸೊನ್ನೆಯ ಹತ್ತಿರ ಬಂದು ಅಲ್ಲೇ ನಿಲ್ಲಬೇಕು. ನಿಂತರೂ ಫ್ಯಾನ್ ತಿರುಗದಿದ್ದರೆ ಅನುಮಾನ ಎಸ್‌ಎಂಪಿಎಸ್ ಮೇಲೆ. ಕೆಳಗೇ ಇಳಿಯದಿದ್ದರೆ ಕ್ಯಾಬಿನೆಟ್ಟಿನ ಬಟನ್ ಅಥವಾ ಮದರ್‌ಬೋರ್ಡ್. ಬಟನ್ನಿನ ವೈರ್ ಕಿತ್ತು, ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನಿಂದ ಒಂದು ಕ್ಷಣ ಮುಟ್ಟಿಸಿದರೆ ಇವೆರಡರಲ್ಲಿ ಯಾವುದು ಅಂತ ತಿಳಿಯುತ್ತದೆ.

ಒಂದು ತಣ್ಣನೆಯ ಬೆಳಿಗ್ಗೆ ನೇರಳೆ ವೈರಿನಲ್ಲಿ ಮೂರೂವರೆಯ ಆಸುಪಾಸು ಬಂತು. ಅಂಕಿ ನಿಧಾನಕ್ಕೆ ಮೇಲೇರಿತು. ನಾಲ್ಕೂವರೆ ದಾಟಿದ ಮೇಲೆ ಬಟನ್ ಒತ್ತಿದರೆ ಕಂಪ್ಯೂಟರ್ ಆನ್! ಟೆಸ್ಟರ್ ಬಿಡಿ, ಅಂಗಡಿಯಲ್ಲೂ ಸಿಗದ ಕಳ್ಳ ಅಲ್ಲೇ ಸಿಕ್ಕಿಬಿದ್ದ.

ಬೇರೆ ಎಸ್‌ಎಂಪಿಎಸ್ ಹಾಕಿ ನೋಡುವ ದಾರಿಯೂ ಒಳ್ಳೆಯದೇ, ಎರವಲು ಕೊಡುವವರು ಇದ್ದರೆ. ತೀರ್ಪು ಖಚಿತ ಮಾಡಿಕೊಳ್ಳಲು ನಾನೂ ಅದನ್ನೇ ಮಾಡಿದೆ. ಆದರೆ ಇದನ್ನೇ ಮೊದಲು ಮಾಡಿದ್ದರೆ ಕೆಲವು ಬೆಳಿಗ್ಗೆ ಕಾಯಬೇಕಿತ್ತು. ಬಂದುಹೋಗುವ ತೊಂದರೆ ತಾನಾಗೇ ಒಂದು ವಾರ ಸುಮ್ಮನಿದ್ದರೂ ಇರಬಹುದು ಅಲ್ವಾ?

ಹಳೆಯದನ್ನು ಬಿಚ್ಚಿ ಕೆಪಾಸಿಟರ್ ಬದಲಿಸುವ ಆಸೆ ಭಾವನಿಗಿತ್ತು. ನಾನು ಬೇಡ ಅಂದೆ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು. ಅದು ಗೊತ್ತಿರುವ ಟಿವಿ ರಿಪೇರಿಯವರ ಕೆಲಸ. ಜೊತೆಗೆ ಅದರ ಫ್ಯಾನಿಗೆ ಡೆನಿಮ್ಮಿನ ನೀಲಿ ನವಿರು ಮತ್ತು ನಮ್ಮೂರಿನ ಕೆಂಪು ಧೂಳು ಸೇರಿ ದಪ್ಪ ಪದರವೇ ಕೂತಿತ್ತು. ಗಾಳಿ ಆಡದಿದ್ದರೆ ಒಳಗೆ ಶಾಖ ಏರುತ್ತದೆ. 10 ಡಿಗ್ರಿ ಏರಿದರೆ ಕೆಪಾಸಿಟರ್ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಎಂಜಿನಿಯರುಗಳ ಲೆಕ್ಕ. ಒಂದು ಬದಲಿಸಿದರೆ ಇನ್ನೊಂದು ಹೋಗುತ್ತದೆ.

ಹೊಸದರಲ್ಲಿ, ಹೆಸರಿಲ್ಲದ ಅಗ್ಗದ ಡಬ್ಬಿಯ ಮೇಲಿನ ವ್ಯಾಟ್ ಅಂಕಿಯನ್ನು ನಾನು ನಂಬುವುದಿಲ್ಲ. 80 ಪ್ಲಸ್ ಗುರುತು (ಕರೆಂಟ್ ಕಡಿಮೆ ಪೋಲಾಗುತ್ತದೆ ಅನ್ನುವ ಮುದ್ರೆ) ಇರುವ, ವಾರಂಟಿ ಕೊಡುವ 450 ವ್ಯಾಟಿನದು ಕೊಂಡೆವು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಬಿಲ್ಲಿಂಗ್ ಕಂಪ್ಯೂಟರಿಗೆ ಅದೇ ಧಾರಾಳ. ಸಿಪಿಯುವನ್ನು ಕಟಿಂಗ್ ಮೇಜಿನ ಕೆಳಗಿನಿಂದ ಎತ್ತಿ ಕೌಂಟರ್ ಮೇಲಿಟ್ಟಿದ್ದೇವೆ.