ಶೂ ಲಾಂಡ್ರಿಗೆ ಚಪ್ಪಲಿ ಕೊಡೋ ಮುಂಚೆ ಇದನ್ನೊಮ್ಮೆ ಓದಿ

ಸ್ವೀಡ್‌ಗೆ, ಅಂದರೆ ಮಖಮಲ್ಲಿನ ಹಾಗಿರೋ ಚರ್ಮಕ್ಕೆ, ಸೋಪುನೀರು ತೋರಿಸಬಾರದು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಶೂ ಲಾಂಡ್ರಿಯವರಿಗೆ ಕೊಟ್ಟೆ. ಸಿಟ್ಟು ಅವರ ಮೇಲೆ ಎಷ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ.

ಥಾಣೆ, ಡೊಂಬಿವಲಿ ಕಡೆ ಮನೆಬಾಗಿಲಿಗೇ ಬಂದು ಶೂ ಒಯ್ದು, ತೊಳೆದು ತಂದುಕೊಡೋ ಅಂಗಡಿಗಳು ಹುಟ್ಟಿಕೊಂಡಿವೆ. ಹೆಸರು ಹೇಳಲ್ಲ. ಮಳೆಗಾಲ, ಕಪಾಟು ತೆಗೆದರೆ ಬೂಷ್ಟಿನ ವಾಸನೆ. ವಾಟ್ಸಾಪ್‌ನಲ್ಲಿ ‘ಸ್ವೀಡ್ ಸ್ಪೆಷಲಿಸ್ಟ್’ ಅಂತ ಜಾಹೀರಾತು. ಫೋನ್ ಮಾಡಿದರೆ ಆ ಕಡೆಯಿಂದ ಕನ್ನಡ! “ನೀವು ಟೆನ್ಷನ್ ಮಾಡ್ಬೇಡಿ ಮಾರಾಯ್ರೆ, ನಮ್ದು ಒಂದೊಂದು ಮೆಟೀರಿಯಲ್‌ಗೆ ಒಂದೊಂದು ಪ್ರೊಸೆಸ್.” ಮುಂಬೈಯಲ್ಲಿ ‘ಮಾರಾಯ್ರೆ’ ಅಂತ ಕೇಳಿದ್ದೇ ತಡ, ಕರಗಿಹೋದೆ. ಆ ಒಂದೊಂದು ಪ್ರೊಸೆಸ್ ಏನು ಅಂತ ಕೇಳಲೇ ಇಲ್ಲ.

ಕೊಟ್ಟಿದ್ದು ನಾಲ್ಕು ಜೊತೆ. ಕಂದು ಸ್ವೀಡ್ ಲೋಫರ್, ಅಥಣಿಯ ಚಪ್ಪಲಿ, ಬಿಳಿ ಕ್ಯಾನ್ವಾಸ್, ರನ್ನಿಂಗ್ ಶೂ. ಸ್ವೀಡ್‌ಗೆ 600, ಉಳಿದವಕ್ಕೆ ತಲಾ 350. ಒಟ್ಟು 1,650 ರೂಪಾಯಿ, ಅದೂ ಮುಂಗಡ. ಕೆಲಸ ನೋಡದೆ ಮುಂಗಡ.

ಮೂರನೇ ದಿನ ಪ್ಲಾಸ್ಟಿಕ್ ಕವರಿನಲ್ಲಿ ಬಂತು, ಮೇಲೆ ಸೆಂಟಿನ ಘಮ. ಲೋಫರ್ ಹೊಚ್ಚ ಹೊಸದರ ಹಾಗೆ ಕಂಡಿತು. ಪರವಾಗಿಲ್ವೇ ಅಂದುಕೊಂಡು ‘ಥ್ಯಾಂಕ್ಸ್’ ಅಂತ ಮೆಸೇಜೂ ಹಾಕಿದೆ. ಆ ಥ್ಯಾಂಕ್ಸನ್ನೇ ಆಮೇಲೆ ಅವರು ಮೂರು ಸಲ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದರು.

ಸ್ವೀಡ್ ಮೇಲೆ ಬೆರಳಾಡಿಸಿದರೆ ಒಂದು ಕಡೆಗೆ ಗಾಢ, ಇನ್ನೊಂದು ಕಡೆಗೆ ತಿಳಿ ಬಣ್ಣ ಕಾಣಬೇಕು, ಮಖಮಲ್ ಬಟ್ಟೆಯ ಹಾಗೆ. ಚರ್ಮದ ಒಳಮೈಯನ್ನು ಉಜ್ಜಿ ಎಬ್ಬಿಸಿದ ಎಳೆಗಳು ಅವು. ಹೆಬ್ಬೆರಳು ಒತ್ತಿ ಎಳೆದೆ. ಏನೂ ಬದಲಾಗಲಿಲ್ಲ, ಗೋಡೆಗೆ ಬಳಿದ ಡಿಸ್ಟೆಂಪರ್ ಮುಟ್ಟಿದ ಹಾಗಿತ್ತು. ಬೆಳಕಿಗೆ ಹಿಡಿದು ನೋಡಿದರೆ ಹೊಲಿಗೆಯ ದಾರವೂ ಕಂದು. ಕೊಡುವಾಗ ಆ ದಾರ ಕೆನೆಬಣ್ಣದ್ದು! ಒದ್ದೆ ಕರವಸ್ತ್ರದಿಂದ ತಿಕ್ಕಿದರೆ ಕಂದು ಬಣ್ಣ ಕರವಸ್ತ್ರಕ್ಕೆ ಬಂತು. ಮುಂಭಾಗ ಮಡಚಿದರೆ ಹಪ್ಪಳದ ಸದ್ದು.

ಆಗಿದ್ದಿಷ್ಟೇ. ಬಕೆಟ್ಟಿನಲ್ಲಿ ಮುಳುಗಿಸಿ ಡಿಟರ್ಜೆಂಟ್ ಹಾಕಿ ತಿಕ್ಕಿದ್ದಾರೆ. ಚರ್ಮ ಹದ ಮಾಡುವಾಗ ಎಳೆಗಳ ನಡುವೆ ಸೇರಿಸಿದ ಎಣ್ಣೆಯಂಶ ಸೋಪಿಗೆ ಹೊರಟುಹೋಯ್ತು. ಬಿಸಿಗಾಳಿಗೆ ಒಣಗಿಸಿದಾಗ ಎಳೆ ಎಳೆ ಅಂಟಿ ಗಟ್ಟಿಯಾಯ್ತು. ಬಣ್ಣ ಕಿತ್ತು ಮಚ್ಚೆ ಬಿದ್ದ ಕಡೆ ಮುಚ್ಚೋದಕ್ಕೆ ಸ್ಪ್ರೇ ಹೊಡೆದಿದ್ದಾರೆ. ಫೋನಿನಲ್ಲಿ ಬಂದ ಉತ್ತರ ಕೇಳಿ: “ಅದು ಕಲರ್ ರಿಸ್ಟೋರೇಶನ್ ಸಾರ್. ನಿಮ್ಗೆ ಅಂತ ಫ್ರೀ ಮಾಡಿ ಕೊಟ್ಟದ್ದು.” ಫ್ರೀ!

ಸ್ವೀಡ್ ಕೆಲಸ ಒಣಗಿದ ಮೇಲೇ ಶುರು. ಒದ್ದೆಯಾಗಿದ್ದರೆ ಒಳಗೆ ಕಾಗದ ತುರುಕಿ ಫ್ಯಾನ್ ಗಾಳಿಗೆ ಒಂದು ದಿನ ಇಡಬೇಕು, ಬಿಸಿಲಿಗಲ್ಲ. ಆಮೇಲೆ ಸ್ವೀಡ್ ಬ್ರಷ್‌ನಿಂದ ಒಂದೇ ದಿಕ್ಕಿಗೆ ಹಗುರವಾಗಿ. ಸವೆದು ಹೊಳೆಯೋ ಜಾಗಕ್ಕೆ ಪೆನ್ಸಿಲ್ ರಬ್ಬರ್ ಸಾಕು. ಎಣ್ಣೆ ಕಲೆಗೆ ಕಾರ್ನ್‌ಫ್ಲೋರ್ ಉದುರಿಸಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಬ್ರಷ್ ಮಾಡಿ. ಹೋಗದ ಕಲೆಗೆ ಬಿಳಿ ವಿನೆಗರ್‌ನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆ. ಇಷ್ಟಕ್ಕೆ 600 ಕೊಡೋದೇ ಹೆಚ್ಚು, ಇಷ್ಟೂ ಮಾಡಲಿಲ್ಲ.

ಚಪ್ಪಲಿ ಕಥೆ ಇದಕ್ಕಿಂತ ಕೆಟ್ಟದು. ಅಥಣಿಯದ್ದೂ ಮಾರುಕಟ್ಟೆಯಲ್ಲಿ ಕೊಲ್ಹಾಪುರಿ ಅಂತಲೇ ಹೋಗುತ್ತೆ. 2019ರ ಜಿಐ ಗುರುತಿನಲ್ಲಿ (ಇದು ಇಂಥ ಪ್ರದೇಶದ್ದೇ ಸರಕು ಅಂತ ಕೊಡೋ ಭೌಗೋಳಿಕ ಗುರುತು) ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಇವೆ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮ ಅದು. ಪೂರ್ತಿ ನೀರಿನಲ್ಲಿ ನೆನೆಸಬಾರದು. ಅವರು ನೆನೆಸಿದ್ದೂ ಅಲ್ಲದೆ, ಒದ್ದೆಯಾಗಿರುವಾಗಲೇ ಕಬ್ಬಿಣದ ಜಾಲರಿ ಮೇಲೆ ಒಣಗೋಕೆ ಇಟ್ಟಿದ್ದಾರೆ. ಎಡಗಾಲಿನ ಚಪ್ಪಲಿ ತಿರುಗಿಸಿದರೆ ಅಡಿಯಲ್ಲಿ ನೀಲಿ ಬೆರೆತ ಕಪ್ಪು ಗೆರೆಗಳು, ಅಡ್ಡ ಉದ್ದ, ಚೌಕುಳಿ ಪಂಚೆಯ ಹಾಗೆ.

ಫೋಟೊ ಕಳಿಸಿದೆ. “ಫಂಗಸ್ ಸಾರ್. ನೀವು ಕೊಡುವಾಗ್ಲೇ ಇತ್ತು.”

ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ಬೆಳೆಯೋ ಫಂಗಸ್ ಯಾವುದಪ್ಪಾ? ಬೂಷ್ಟಾಗಿದ್ದರೆ ಮೇಲೆ ಕೂತಿರುತ್ತೆ, ಬಟ್ಟೆಗೆ ಒರೆಸಿದರೆ ಏಳುತ್ತೆ. ಇದು ಚರ್ಮದೊಳಗೇ ಇಳಿದ ಬಣ್ಣ. ಅಳಲೆಯ ಒಗರಿಗೆ ಕಬ್ಬಿಣ ತಾಗಿದರೆ ಕಪ್ಪಾಗುತ್ತೆ. ಕಲಂಕಾರಿಯವರು ಅಳಲೆಕಾಯಿಯಲ್ಲಿ ಅದ್ದಿದ ಬಟ್ಟೆಯ ಮೇಲೆ ಕಬ್ಬಿಣ, ಬೆಲ್ಲ ಕೊಳೆಸಿದ ನೀರಿನಿಂದ ಕಪ್ಪು ಗೆರೆ ಬರೆಯೋದು ಇದೇ ಗುಣ ನಂಬಿ. ಇದನ್ನೆಲ್ಲ ಬರೆದು ಕಳಿಸಿದೆ. ನೀಲಿ ಟಿಕ್ ಬಿತ್ತು. ಎರಡು ಗಂಟೆ ಬಿಟ್ಟು ಉತ್ತರ: “ಸಾರ್, 300 ರೂಪಾಯಿ ಕೊಲ್ಹಾಪುರಿಗೆ ಇಷ್ಟು ಯಾಕೆ ತಲೆಬಿಸಿ?” ಅದನ್ನು ಓದಿದಾಗ ಮೈ ಉರಿದುಹೋಯ್ತು. ತೊಳೆಯೋಕೆ 350 ತಗೊಂಡವನ ಬಾಯಲ್ಲಿ ಈ ಮಾತು.

ಇಂಥ ಚಪ್ಪಲಿಗೆ ಒಣ ಬ್ರಷ್, ಹಿಂಡಿದ ಬಟ್ಟೆಯಲ್ಲಿ ಒಂದು ಸಲ ಒರೆಸೋದು, ನೆರಳಲ್ಲಿ ಒಣಗಿಸಿ ತೆಳ್ಳಗೆ ಎಣ್ಣೆ ಸವರೋದು. ಅಷ್ಟೇ. ಕಬ್ಬಿಣದ ಕಲೆ ಬಿದ್ದರೆ ನಿಂಬೆರಸಕ್ಕೆ ಅಷ್ಟೇ ನೀರು ಸೇರಿಸಿ ಹತ್ತಿಯಲ್ಲಿ ಒತ್ತಿ ಒತ್ತಿ ತೆಗೆಯಬಹುದು. ಪೂರ್ತಿ ಹೋಗಲ್ಲ, ತಿಳಿಯಾಗುತ್ತೆ. ಮೊದಲು ಕಾಣದ ಮೂಲೆಯಲ್ಲಿ ಮಾಡಿ ನೋಡಿ, ಚರ್ಮದ ಬಣ್ಣವೂ ಇಳಿಯಬಹುದು.

ರನ್ನಿಂಗ್ ಶೂ ತುದಿಯಲ್ಲಿ ಬಾಯಿ ಬಿಟ್ಟಿತ್ತು. ಶೂ ಅಂಟು ಬಿಸಿಗೆ ಮೆತ್ತಗಾಗೋ ಜಾತಿಯದು, ಕಾರ್ಖಾನೆಯಲ್ಲೂ ಬಿಸಿ ಮಾಡಿಯೇ ಅಟ್ಟೆ ಕೂರಿಸೋದು. ಅದನ್ನು ಡ್ರೈಯರ್‌ಗೆ ಹಾಕಿದರೆ ಬಿಡದೆ ಇನ್ನೇನು? ಉತ್ತರ: “ಹಳೇ ಶೂ ಸಾರ್, ಮುಂಬೈ ಹವೆಗೆ ಸೋಲ್ ಹೋಗ್ತದೆ.” ಅರ್ಧ ಸತ್ಯ, ಅದಕ್ಕೇ ಇನ್ನೂ ಕೋಪ. ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್‌ನ ಅಟ್ಟೆ ಗಾಳಿಯ ತೇವಕ್ಕೆ ಒಳಗೊಳಗೇ ಒಡೆದು, ಹಾಕಿಕೊಳ್ಳದೆ ಪೆಟ್ಟಿಗೆಯಲ್ಲಿಟ್ಟರೂ ರವೆಯ ಹಾಗೆ ಉದುರುತ್ತೆ. ಅದಕ್ಕೆ ಲಾಂಡ್ರಿಯವರನ್ನು ಬೈಯೋದು ನ್ಯಾಯವಲ್ಲ. ನನ್ನದು ಇವಿಎ ಅನ್ನೋ ಬೇರೆ ಜಾತಿಯ ಹಗುರ ಫೋಮು, ಉದುರಿಲ್ಲ, ಪುಡಿಯಾಗಿಲ್ಲ. ಅಂಟಷ್ಟೇ ಬಿಟ್ಟಿದೆ.

ಕ್ಯಾನ್ವಾಸ್ ಹಳದಿಯಾಗಿ ಬಂತು, ಅಂಚಿನಲ್ಲಿ ಚಹಾ ಚೆಲ್ಲಿದ ಹಾಗೆ. ಸೋಪು ಸರಿಯಾಗಿ ಹೋಗದೆ ಬಿಸಿಲಿಗಿಟ್ಟರೆ ನೀರು ಆರುತ್ತಾ ಆರುತ್ತಾ ಸೋಪು, ಕೊಳೆ ಎಲ್ಲ ಅಂಚಿಗೆ ಬಂದು ಕೂರುತ್ತೆ. ನೊರೆ ನಿಲ್ಲೋವರೆಗೂ ಮೂರು ನಾಲ್ಕು ನೀರು ಬದಲಿಸಿ, ಮೇಲೆ ಬಿಳಿ ಟಿಶ್ಯೂ ಸುತ್ತಿ ನೆರಳಲ್ಲಿ ಒಣಗಿಸಬೇಕು. ಕಲೆ ಟಿಶ್ಯೂಗೆ ಏರುತ್ತೆ, ಬಟ್ಟೆಗಲ್ಲ. ಪೇಪರ್ ಸುತ್ತಬೇಡಿ, ಶಾಯಿ ಹತ್ತುತ್ತೆ. ಇದಕ್ಕೆ ಅವರ ಉತ್ತರವೇ ಬರಲಿಲ್ಲ. ನಾಲ್ಕನೇ ಜೊತೆಯ ಹೊತ್ತಿಗೆ ನನ್ನ ನಂಬರ್ ಬ್ಲಾಕ್ ಆಗಿತ್ತು.

ಬೇರೆ ನಂಬರಿನಿಂದ ಮಾಡಿದೆ. ಹುಡುಗನೊಬ್ಬ ಎತ್ತಿದ. ಸ್ವೀಡ್ ಹೇಗೆ ತೊಳೀತೀರಿ ಅಂತ ಗಿರಾಕಿಯ ಹಾಗೆ ಕೇಳಿದೆ. ಪಾಪ, ನಿಜ ಹೇಳಿಬಿಟ್ಟ: “ಎಲ್ಲದಕ್ಕೂ ಒಂದೇ ಲಿಕ್ವಿಡ್ ಅಣ್ಣಾ. ಬ್ರಷ್ ಮಾತ್ರ ಬೇರೆ.” ಈ ಪ್ರಶ್ನೆಯನ್ನು ಮೊದಲ ದಿನ ಕೇಳಿದ್ದರೆ 1,650 ಉಳೀತಿತ್ತು.

ಕೊಡಲೇಬೇಕು ಅಂದರೆ ಸ್ವೀಡ್‌ಗೆ ಏನು ಮಾಡ್ತೀರಿ, ಒಣಗಿಸೋದು ಹೇಗೆ, ಬಣ್ಣ ಹೊಡೀತೀರಾ ಅಂತ ಮೂರು ಪ್ರಶ್ನೆ ಕೇಳಿ. ‘ನಮ್ಮದೇ ಕೆಮಿಕಲ್’ ಅಂದರೆ ಫೋನಿಡಿ. ಕೊಡೋ ಮುಂಚೆ ಅಡಿಭಾಗ, ಹೊಲಿಗೆ, ದಾರದ ಬಣ್ಣ ಎಲ್ಲ ಫೋಟೊ ತೆಗೆದಿಡಿ, ನಾನು ತೆಗೆದಿರಲಿಲ್ಲ. ಮುಂಗಡ ಕೊಡಬೇಡಿ. ಬಂದ ಮೇಲೆ ಹಗಲು ಬೆಳಕಲ್ಲಿ ನೋಡದೆ ಥ್ಯಾಂಕ್ಸ್ ಹಾಕಬೇಡಿ. ಕನ್ನಡ ಮಾತಾಡ್ತಾರೆ ಅಂತ ಕೊಡಬೇಡಿ.

ರನ್ನಿಂಗ್ ಶೂವನ್ನು ಸ್ಟೇಷನ್ ಸೇತುವೆ ಕೆಳಗೆ ಚಪ್ಪಲಿ ಹೊಲಿಯೋರ ಹತ್ತಿರ ಒಯ್ದೆ. ಹಳೇ ಅಂಟು ಮರಳುಕಾಗದದಲ್ಲಿ ಕೆರೆದು, ಎರಡೂ ಕಡೆ ಸೊಲ್ಯೂಷನ್ ಸವರಿ, ಹತ್ತು ನಿಮಿಷ ಆರಲು ಬಿಟ್ಟು ಒತ್ತಿ ಕೂರಿಸಿದರು. 80 ರೂಪಾಯಿ. ಲೋಫರ್ ತೋರಿಸಿದೆ. ಉಗುರಿನಲ್ಲಿ ಗೀರಿ, ಮೂಸಿ ನೋಡಿ, ಏನೂ ಹೇಳದೆ ವಾಪಸ್ ಕೊಟ್ಟರು.