ಇಡೀ ಟ್ಯಾಂಕ್ ಬದಲಿಸಬೇಕಾಗಿರಲಿಲ್ಲ

ನಮ್ಮದು ಉಡುಪಿಯಲ್ಲಿ ಹಳೇ ಮನೆ. ಏಪ್ರಿಲ್‌ನಲ್ಲಿ ಬಜೆ ಅಣೆಕಟ್ಟಿನಲ್ಲಿ ಸ್ವರ್ಣಾ ನದಿಯ ನೀರು ಇಳಿದು, ನಳ್ಳಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ಹೊತ್ತಿಗೇ ಟಾಯ್ಲೆಟ್ಟಿನ ಫ್ಲಶ್ ಟ್ಯಾಂಕ್ ಸೋರಲು ಶುರುವಾಯಿತು. ರಾತ್ರಿಯಿಡೀ ಸುಯ್ಯೆಂಬ ಸದ್ದು. ಮೊದಲು ಬಂದವರು ಮುಚ್ಚಳವನ್ನೂ ತೆಗೆಯದೆ, "ಇಡೀ ಟ್ಯಾಂಕ್ ಹೊಸತು ಹಾಕ್ಬೇಕು, ಮೂರು ಸಾವಿರ ಆಗ್ತದೆ" ಅಂದರು. ನನಗೆ ಸರಿ ಕಾಣಲಿಲ್ಲ.

ಆಮೇಲೆ ಅತ್ತಿಗೆ ಹೇಳಿದ ಮಣಿಪಾಲದ ಪ್ಲಂಬರನ್ನು ಕರೆದೆ. ಹೇಳಿದ್ದಕ್ಕಿಂತ ಎರಡು ಗಂಟೆ ತಡವಾಗಿ ಬಂದರು, ಒಂದು ಫೋನೂ ಇಲ್ಲ. ಅದೊಂದು ಬೇಸರ. ಆದರೆ ಕೆಲಸ! "ಅಕ್ಕಾ, ಬಟ್ಟೆಗೆ ಹಾಕುವ ನೀಲಿ ಉಂಟಾ?" ಅಂತ ಕೇಳಿ, ನಾಲ್ಕು ಹನಿ ಟ್ಯಾಂಕಿಗೆ ಬಿಟ್ಟು ಹದಿನೈದು ನಿಮಿಷ ಕಾದರು. ಫ್ಲಶ್ ಒತ್ತದೆಯೇ ಕಮೋಡಿನೊಳಗೆ ತೆಳ್ಳಗೆ ನೀಲಿ ಗೆರೆ ಇಳಿಯಿತು. ತಳದ ರಬ್ಬರ್ ವಾಷರ್ ತೆಗೆದು ನನ್ನ ಅಂಗೈಗಿಟ್ಟರು: ಹಪ್ಪಳದ ಹಾಗೆ ಗಟ್ಟಿ, ಅಂಚಿಗೆ ಬಾವಿ ನೀರಿನ ಕೆಂಪು ಕಿಲುಬು. ಅದು ಕೂರುವ ಜಾಗವನ್ನು ಹಳೇ ಬ್ರಶ್ಶಿನಿಂದ ಉಜ್ಜಿ, ಹೊಸ ವಾಷರ್ ಹಾಕಿ, ನೀರು ಓವರ್‌ಫ್ಲೋ ಪೈಪಿನ ಬಾಯಿಗಿಂತ ಒಂದಿಂಚು ಕೆಳಗೇ ನಿಲ್ಲುವಂತೆ ನೀರು ತುಂಬುವುದನ್ನು ನಿಲ್ಲಿಸುವ ಫ್ಲೋಟ್ ಇಳಿಸಿದರು. ಟ್ಯಾಂಕಿಗೆ ನೀರು ಬಿಡುವ ಗೋಡೆಯ ನಳ್ಳಿ, ಅಂದರೆ ಆ್ಯಂಗಲ್ ಕಾಕ್‌ನ ತಿರುಪಿನ ಎಳೆಗೆ ನೀರು ಸೋರದಂತೆ ಟೆಫ್ಲಾನ್ ಟೇಪ್ ಯಾವ ದಿಕ್ಕಿಗೆ ಸುತ್ತಬೇಕೆಂದೂ ತೋರಿಸಿದರು. ಉಲ್ಟಾ ಸುತ್ತಿದರೆ ತಿರುಗಿಸುವಾಗ ಬಿಚ್ಚಿಕೊಳ್ಳುತ್ತದಂತೆ.

ವಾಷರ್ ಸೇರಿ 350 ರೂಪಾಯಿ. ನೆಲ ಒರೆಸಿಯೇ ಹೊರಟರು. ಮರುದಿನ ಬೆಳಿಗ್ಗೆ ತಾರಸಿಗೆ ಹೋಗಿ ನೋಡಿದೆ, ಸಿಂಟೆಕ್ಸ್ ಟ್ಯಾಂಕಿಯಲ್ಲಿ ರಾತ್ರಿ ಇದ್ದಷ್ಟೇ ನೀರಿತ್ತು.